ಡಾಕ್ಟರ್ ಹಂಚಿನಾಳರ ಖಾಲಿ ಸೋಮವಾರಗಳು

“ಸಾಹೇಬ್ರು ಬರಿಯಾಕತ್ತಾರ್ರಿ. ಯಾರನ್ನೂ ಒಳಗ ಬಿಡಬ್ಯಾಡಂತ ಹೇಳ್ಯಾರ” ಎಂದು ಜವಾನ ಬಾಗಿಲಿಗೆ ಅಡ್ಡ ನಿಂತ.

“ಬರಿಯಾಕತ್ತಾರ? ಹಂಗಾರ ನೋಡಾಕ ಬೇಕು. ಅವರು ಬರಿಯೂದನ್ನ ಈತನಕ ಕಣ್ಣಿಲೆ ಕಂಡಾವ್ರು ಯಾರೂ ಇಲ್ಲ” ಎಂದು ಸುಮಿತ್ರಾಬಾಯಿ ಅವನನ್ನು ಪಕ್ಕಕ್ಕೆ ಸರಿಸಿ ಬಾಗಿಲು ದೂಡಿದರು. ಹಿಂದೆ ಫೌಜದಾರ ಮಾಳಿಂಗಪ್ಪ ಟೊಪ್ಪಿಗೆಯನ್ನು ಬಗಲಲ್ಲಿ ಹಿಡಿದು ಬಂದ.

ಒಳಗೆ ದೊಡ್ಡ ಮೇಜು. ಮೇಜಿನ ಮೇಲೆ ಬಿಳಿ ಹಾಳೆ, ಹಾಳೆಯ ಮೇಲೆ ಮುಚ್ಚಳ ತೆಗೆದಿಟ್ಟ ಪೆನ್ನು, ಅದರ ಪಕ್ಕ ಸುಲಿದ ಶೇಂಗಾ ಸಿಪ್ಪೆಯ ಗುಡ್ಡೆ. ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ. ಡಾಕ್ಟರ್ ರಾಚಪ್ಪ ಹಂಚಿನಾಳ ಕೈಯಲ್ಲಿದ್ದ ಕಾಳನ್ನು ಬಾಯಿಗೆ ಎಸೆದುಕೊಂಡು, ಸಿಪ್ಪೆಯ ಮೇಲೆ ಪತ್ರಿಕೆ ಮುಚ್ಚಿದ.

ಬಾಗೇವಾಡಿಯ ಹಳೆಯ, ಅರಳೆ ಬಿಡಿಸುವ ಜಿನ್ನಿನ ಮಹಡಿ ಅದು. ಬರುವ ಜೂನಿಗೆ ಅಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಗುವುದಿತ್ತು. ಕಾಲೇಜಿಗೆ ಇನ್ನೂ ಹೆಸರಿರಲಿಲ್ಲ, ಕಟ್ಟಡ ಇರಲಿಲ್ಲ, ಹುಡುಗರಂತೂ ಇರಲೇ ಇಲ್ಲ. ಪ್ರಿನ್ಸಿಪಾಲರ ಹಲಗೆ ಮಾತ್ರ ಬಂದು ಬಾಗಿಲ ಮೇಲೆ ಕೂತಿತ್ತು. ಹೆಸರಿಗೆ ಒಂದು ಸಾಲು, ಪದವಿಗಳಿಗೆ ಮೂರು ಸಾಲು.

ಇಂಥವನಿಗೆ ಬಹುವಚನ ದಂಡ ಎಂದು ಸುಮಿತ್ರಾಬಾಯಿ ಇಂಡಿಯಿಂದ ಬರುವಾಗ ಬಸ್ಸಿನಲ್ಲೇ ತೀರ್ಮಾನಿಸಿದ್ದರು. ಬಾಯಿಮಾತಿಗಷ್ಟೇ ಸಾಹೇಬ್ರು ಗೀಹೇಬ್ರು.

“ನೀವು ಯಾರು?” ಎಂದ ಹಂಚಿನಾಳ.

“ಇಂಡಿ ಹೈಸ್ಕೂಲಿನ್ಯಾಗ ಮೂವತ್ತೆರಡು ವರ್ಷ ಗಣಿತ ಹೇಳಿದಾಕಿ. ಸೋಮನಿಂಗ ನನ್ನ ಶಿಷ್ಯ. ಇಂವ ಮಾಳಿಂಗಪ್ಪನೂ ನನ್ನ ಶಿಷ್ಯನ. ಇಬ್ಬರೂ ಒಂದ ಬಾಕಿನ ಮ್ಯಾಲೆ ಕುಂತು ಕಲತಾವ್ರು.”

“ಓಹೋ, ಸಾಲಿ ಬಾಯಾರು” ಎಂದು ಆತ ಕುರ್ಚಿಗೆ ಒರಗಿದ. ಕೂತುಕೊಳ್ಳಿ ಎನ್ನಲಿಲ್ಲ. “ಸೋಮನಿಂಗಂದು ಕೆಟ್ಟ ಆತು. ನನ್ನ ಕೈಕೆಳಗ ಇದ್ದ. ಅಷ್ಟಿಷ್ಟು ತಿಳಕೊಂಡಿದ್ದ. ಆದ್ರ ಕರೆಂಟಿನ ಜೋಡಿ ಹುಡುಗಾಟ ಮಾಡಬಾರದು. ಡಿಪ್ಲೊಮಾದವ್ರಿಗೆ ಇದು ತಿಳಿಯೂದಿಲ್ಲ.”

ಸುಮಿತ್ರಾಬಾಯಿಗೆ ಮೈಯೆಲ್ಲ ಉರಿಯಿತು. ಸೋಮನಿಂಗ ಸತ್ತು ಹತ್ತು ದಿನವಾಗಿತ್ತು. ತಂಗಡಗಿಯಲ್ಲಿ ಹೊಳೆಯ ದಂಡೆಗೆ, ಪರೀಕ್ಷೆಯ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಎರಡೂ ಅಂಗೈ ಸುಟ್ಟುಕೊಂಡು ಬಿದ್ದಿದ್ದ. ಹೇಳದೆ ಕೇಳದೆ ಲೈನಿಗೆ ಕರೆಂಟು ಬಿಟ್ಟನೆಂದು ಊರ ಲೈನ್‌ಮನ್ ಇಬ್ರಾಹಿಂಸಾಬನನ್ನು ನಿನ್ನೆ ಸಂಜೆ ಹಿಡಿದಿದ್ದರು. ಇವತ್ತು ಐದು ಗಂಟೆಯೊಳಗೆ ಅವನನ್ನು ಬಿಜಾಪುರದ ಕೋರ್ಟಿನ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಜೈಲು, ಖೂನಿ ಖಟ್ಲೆ. ಹೊರಬರುವುದು ಯಾವ ಜನ್ಮಕ್ಕೋ.

ಪೊಲೀಸ್ ವ್ಯಾನು ಕೆಳಗೆ ಬೇವಿನ ಮರದ ನೆರಳಿಗೆ ನಿಂತಿತ್ತು. ಒಳಗೆ ಬೇಡಿ ಹಾಕಿಸಿಕೊಂಡ ಇಬ್ರಾಹಿಂಸಾಬ; ಓಡಲು ನೋಡಿದರೆ ಗುಂಡು ಹಾರಿಸುವ ಹುಕುಂ ಇದೆಯೆಂದು ಮಾಳಿಂಗಪ್ಪ ಆಗಲೇ ಹೇಳಿದ್ದ. ಹೊರಗೆ ವ್ಯಾನಿನ ಜಾಳಿಗೆ ಬೆರಳು ಸಿಗಿಸಿಕೊಂಡು ನಿಂತ ಅವನ ಹೆಂಡತಿ ಬಿಬಿಜಾನ. ಹಳೆಯ ಬಾಯಾರ ಮಾತು ತೆಗೆದುಹಾಕಲಾರದೆ ಮಾಳಿಂಗಪ್ಪ ದಾರಿಯಲ್ಲಿ ಅರ್ಧ ತಾಸು ನಿಲ್ಲಿಸಿದ್ದ. ಅದರಲ್ಲಿ ಐದು ನಿಮಿಷ ಆಗಲೇ ಜವಾನನ ಪಾಲಾಗಿತ್ತು.

“ನಿಮ್ಮ ಪಿಎಚ್.ಡಿ. ಪುಸ್ತಕ ಓದಿದ್ನಿರಿ” ಎಂದು ಸುಮಿತ್ರಾಬಾಯಿ ಕೈಚೀಲದಿಂದ ದಪ್ಪ ರಟ್ಟಿನ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟರು.

ಹಂಚಿನಾಳ ನಕ್ಕ. “ನೀವು ಓದಿದ್ರಿ? ಅದು ಇಂಗ್ಲಿಷಿನ್ಯಾಗ ಐತಿ.”

“ಅಂಕಿಗೋಳು ಯಾವ ಭಾಷಾದಾಗ ಇದ್ರೇನು, ಅಂಕೀನ ಅಲ್ಲೇನ್ರಿ?”

ಪುಸ್ತಕವನ್ನು ಕೊಟ್ಟವಳು ಸೋಮನಿಂಗನ ತಾಯಿ ಸಾತವ್ವ. ಮಗನ ಟ್ರಂಕಿನಲ್ಲಿ ಅವನ ನೋಟುಬುಕ್ಕು ಒಂದೂ ಉಳಿದಿರಲಿಲ್ಲ. ಇದೊಂದು ಮಾತ್ರ ಇತ್ತು. ಮೊದಲ ಪುಟದಲ್ಲಿ ಹಂಚಿನಾಳ ಸ್ವತಃ ಬರೆದುಕೊಟ್ಟಿದ್ದ: ‘ನನ್ನ ಸಹಾಯಕ ಸೋಮನಿಂಗನಿಗೆ, ಆಶೀರ್ವಾದಗಳೊಂದಿಗೆ.’ ಆ ಪುಸ್ತಕದ ತುಂಬ ಅವನು ಸ್ವಂತವಾಗಿ ಬರೆದದ್ದು ಈ ಒಂದು ಸಾಲು ಎಂಬುದು ಸುಮಿತ್ರಾಬಾಯಿಗೆ ನಿನ್ನೆ ಖಚಿತವಾಗಿತ್ತು.

“ನಿಮ್ಮ ಪರಿಚಯ ಪತ್ರಾನೂ ಓದಿದ್ನಿ. ಕಾಲೇಜಿನ ಟ್ರಸ್ಟಿನವ್ರು ಚಂದ ಅಚ್ಚು ಹಾಕಿಸ್ಯಾರ. ಇಪ್ಪತ್ನಾಲ್ಕನೇ ವರ್ಷಕ್ಕ ಲೆಕ್ಚರರು. ಮೂವತ್ತಕ್ಕ ರೀಡರು. ಆಮ್ಯಾಲೆ ಮೂರು ವರ್ಷ ವಿಲಾಯತಿ. ತಿರುಗಿ ಬರೂದರಾಗ ಪ್ರೊಫೆಸರು. ನಲವತ್ತೆರಡು ಪ್ರಬಂಧ. ಅಬಬಬ! ಎಡಗೈಲೆ ಬರೀತೀರೋ ಬಲಗೈಲೆ ಬರೀತೀರೋ?”

“ಸಂಶೋಧನಾ ಅಂದ್ರೇನು ನಿಮಗ ಗೊತ್ತಿಲ್ಲ ಬಾಯಾರ. ಸುಮ್ಮ ಟೈಮ್ ಹಾಳು.”

“ಗೊತ್ತಿಲ್ಲಂತನ ಕೇಳಾಕ ಬಂದೇನಿ. ಕಂಬದ ಮ್ಯಾಲೆ ಬಿಳೀ ಪಿಂಗಾಣಿ ಬಟ್ಟಲ ಇರ್ತಾವಲ್ರಿ, ಇನ್ಸುಲೇಟರು. ಅದರ ಮ್ಯಾಲೆ ಧೂಳು ಕುಂತು, ಇಬ್ಬನಿ ಬಿತ್ತಂದ್ರ ಕರೆಂಟ ಎಷ್ಟು ಸೋರತೈತಿ ಅಂತ ಅಳದೀರಿ. ಹೌದಲ್ಲ?”

“ಹೌದು.”

“ಎಲ್ಲಿ ಅಳದ್ರಿ?”

“ಇಂಗ್ಲೆಂಡಿನ್ಯಾಗ. ಗಾಜಿನ ಕೋಣ್ಯಾಗ ಮಂಜು ಹುಟ್ಟಿಸಿ ಅಳೀತಾರ. ನಿಮ್ಮ ತಲಿಗೆ ಹೋಗೂದಲ್ಲ ಅದು.” ಹಂಚಿನಾಳ ಮಾಳಿಂಗಪ್ಪನ ಕಡೆ ನೋಡಿದ. “ಫೌಜದಾರ್ರ, ಇದೆಲ್ಲ ಬೇಕಾ?”

ಮಾಳಿಂಗಪ್ಪ ಬಾಗಿಲ ಹತ್ತಿರ ಟೊಪ್ಪಿಗೆ ತಿರುವುತ್ತ ನಿಂತಿದ್ದ. “ಕೇಳಲಿ ಬಿಡ್ರಿ. ನಮ್ಮ ಬಾಯಾರು” ಎಂದ.

ಸುಮಿತ್ರಾಬಾಯಿ ತೊಂಬತ್ತೆಂಟನೇ ಪುಟ ತೆರೆದು ಅವನ ಕಡೆ ತಿರುಗಿಸಿದರು. ಉದ್ದಕ್ಕೂ ಅಳತೆಯ ತಖ್ತೆ. ತಾರೀಖಿಗೊಂದು ಸಾಲು. ಸಾವಿರದ ಒಂಬೈನೂರ ಎಪ್ಪತ್ತರ ಡಿಸೆಂಬರಿನಿಂದ ಎಪ್ಪತ್ತೊಂದರ ಫೆಬ್ರುವರಿತನಕ. ನಡುನಡುವೆ ಒಂದೊಂದು ಸಾಲು ಖಾಲಿ.

“ಏಳು ದಿನಕ್ಕೊಮ್ಮಿ ಅಳತಿ ಇಲ್ಲ. ಯಾಕ್ರಿ?”

“ಸಂಡೇ.” ಹಂಚಿನಾಳ ಪುಸ್ತಕವನ್ನು ನೋಡಲೂ ಇಲ್ಲ. “ಆ ದೇಶದಾಗ ಸಂಡೇ ದಿನ ಲ್ಯಾಬು ಬಂದ್. ಒಳಗ ಬಿಡೂದ ಇಲ್ಲ.”

“ಖರೆ?”

“ಖರೆ ಅಂದ್ರ? ಮೂರು ವರ್ಷ ಇದ್ದಾವ ನಾನೋ ನೀವೋ?”

ಸುಮಿತ್ರಾಬಾಯಿ ಚೀಲದಿಂದ ಇನ್ನೊಂದು ಕಾಗದ ತೆಗೆದರು. ಎಪ್ಪತ್ತೊಂದರ ಗೋಡೆ ಕ್ಯಾಲೆಂಡರಿನ ಜನವರಿ ಹಾಳೆ. ಲಾಗರಿದಮ್ ಪುಸ್ತಕಕ್ಕೆ ಹೊದಿಕೆಯಾಗಿ ನಾಲ್ಕು ವರ್ಷ ಅವರ ಮನೆಯ ಗೂಡಿನಲ್ಲಿ ಇದ್ದದ್ದು, ಮಡಿಕೆ ಬಿದ್ದು ಹಳದಿಯಾಗಿತ್ತು. ಅದನ್ನು ಅವರು ತಖ್ತೆಯ ಪಕ್ಕ ಅಂಗೈಯಿಂದ ಒತ್ತಿ ಹಾಸಿದರು.

“ನಾಲ್ಕು, ಹನ್ನೊಂದು, ಹದಿನೆಂಟು, ಇಪ್ಪತ್ತೈದು. ನಿಮ್ಮ ಪುಸ್ತಕದಾಗ ಇವು ಖಾಲಿ. ಈಗ ಇಲ್ಲಿ ನೋಡ್ರಿ. ಯಾವ ವಾರ?”

ಹಂಚಿನಾಳ ಬಗ್ಗಿ ನೋಡಿದ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ.

“ಓದ್ರಿ. ಇದು ಕನ್ನಡದಾಗ ಐತಿ.”

“ಸೋಮವಾರ” ಎಂದ ಹಂಚಿನಾಳ. ದನಿ ಅರ್ಧಕ್ಕೆ ಇಳಿದಿತ್ತು. ತಕ್ಷಣ ಎತ್ತರಿಸಿದ. “ಟೈಪ್ ಮಾಡಿದಾವ ಒಂದು ದಿನ ಹೆಚ್ಚುಕಮ್ಮಿ ಮಾಡ್ಯಾನ. ಎಲ್ಲಾ ಒಂದು ದಿನ ಹಿಂದ ಸರಿಸಿದ್ರ ಆತು. ಇಂಥಾ ಸಣ್ಣ ತಪ್ಪು ಯಾವ ಪುಸ್ತಕದಾಗ ಇರೂದಿಲ್ಲ?”

“ಸರಸ್ರಿ. ನನಗೇನು ತೊಂದ್ರಿ? ಒಂದು ದಿನ ಹಿಂದ ಸರಿಸಿದ್ರ ಡಿಸೆಂಬರ ಇಪ್ಪತ್ತಾರರ ಅಳತಿ ಇಪ್ಪತ್ತೈದಕ್ಕ ಬರತೈತಿ. ಕ್ರಿಸ್‌ಮಸ್ಸಿನ ದಿನ. ಸಂಡೇ ಬಾಗಲಾ ತಗೀಲಾರದ ಇಂಗ್ರೇಜ್ರು ಕ್ರಿಸ್‌ಮಸ್ಸಿನ ದಿನ ನಿಮ್ಮೊಬ್ಬರ ಸಲುವಾಗಿ ಲ್ಯಾಬು ತಗದು, ಮಂಜು ಹುಟ್ಟಿಸಿ, ಚಾ ಕೊಟ್ಟು ಕೂಡ್ರಿಸಿದ್ರೇನು?”

ಹಂಚಿನಾಳ ಕ್ಯಾಲೆಂಡರಿನ ಹಾಳೆಯನ್ನು ಆಚೆ ದೂಡಿದ.

ಕದಿಯುವುದಕ್ಕೂ ಒಂದಿಷ್ಟು ಶ್ರದ್ಧೆ ಬೇಕು ಅನ್ನಿಸಿತು ಸುಮಿತ್ರಾಬಾಯಿಗೆ. ಒಂಬತ್ತನೇ ಇಯತ್ತೆಯ ದಡ್ಡ ಹುಡುಗ ಕೂಡ ನಕಲು ಹೊಡೆಯುವಾಗ ನಡುವೆ ನಾಲ್ಕು ಅಂಕಿ ಬದಲಿಸುತ್ತಾನೆ. ಈ ಮಹಾಶಯ ತಾರೀಖು ಬದಲಿಸುವ ಗೊಡವೆಗೂ ಹೋಗಿರಲಿಲ್ಲ. ಅಂಚೆಯಲ್ಲಿ ಬಂದದ್ದನ್ನು ಬಂದ ಹಾಗೆ ಟೈಪಿಗೆ ಕೊಟ್ಟು, ಮೂರು ಸಾಲು ಪದವಿ ಹೊತ್ತುಕೊಂಡು ಬಂದಿದ್ದ. ಥೂ!

“ಸೋಮವಾರ ಯಾಕ ಖಾಲಿ ಅಂತ ನಾ ಹೇಳತೇನಿ” ಎಂದು ಅವರು ಕಿಟಕಿಯ ಕಡೆ ಕೈ ತೋರಿಸಿದರು. ಕೆಳಗಿನ ರಸ್ತೆಯಲ್ಲಿ ಅರಳೆ ಹೇರಿದ ಚಕ್ಕಡಿಗಳು ಸಾಲಾಗಿ ಹೋಗುತ್ತಿದ್ದವು. “ಇವತ್ತ ಬ್ಯಾಸ್ತವಾರ. ಅದಕ್ಕ ಅವು ಹೊಂಟಾವ. ಸೋಮವಾರ ಬಂದು ಇಲ್ಲಿ ನಿಲ್ರಿ, ಒಂದ ಒಂದು ಚಕ್ಕಡಿ ಕಂಡ್ರ ನನಗ ಹೇಳ್ರಿ. ಬಸವಣ್ಣನ ವಾರ. ನಮ್ಮ ಸೀಮ್ಯಾಗ ಅವತ್ತ ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ. ನಾಲ್ಕು ಆಳು ಎತ್ತೂವಂಥಾ ಟ್ರಾನ್ಸ್‌ಫಾರ್ಮರು ಚಕ್ಕಡಿ ಮ್ಯಾಲೆ ಊರಿಂದೂರಿಗೆ ತಿರಗತಿತ್ತು. ಸಿಂದಗಿ, ಇಂಡಿ, ಮುದ್ದೇಬಿಹಾಳ. ಎತ್ತು ನಿಂತ ದಿನ ಚಕ್ಕಡಿ ನಿಂತೈತಿ, ಚಕ್ಕಡಿ ನಿಂತ ದಿನ ಅಳತಿ ನಿಂತೈತಿ. ಇದು ವಿಲಾಯತಿ ಮಂಜಲ್ಲ ಸಾಹೇಬ್ರ. ನಮ್ಮ ಎರಿ ಹೊಲದ ಧೂಳು, ನಮ್ಮ ಇಬ್ಬನಿ. ಅಳದಾವ ಸೋಮನಿಂಗ.”

ಈ ಸುಳುಹು ಸಿಕ್ಕದ್ದು ಸಾತವ್ವನ ಬಾಯಿಂದ. ಗೊಳಸಂಗಿಯ ಮನೆಯ ಹೊಸ್ತಿಲ ಮೇಲೆ ಕೂತು ಆಕೆ ಅಳುತ್ತ ಹೇಳಿದ್ದಳು: “ವಾರೊಪ್ಪತ್ತು ಊರೂರು ತಿರಗತಿದ್ದ ಯವ್ವಾ. ಸ್ವಾಮಾರ ಒಂದ ದಿನ ಮನ್ಯಾಗ ನನ್ನ ಕೈಯಾಗಿನ ರೊಟ್ಟಿ ಉಣತಿದ್ದ. ಅವತ್ತೂ ಸ್ವಾಮಾರ. ರೊಟ್ಟಿ ಬಡದು ಹಾದಿ ನೋಡಿದೆ, ಬರಲಿಲ್ಲ.” ಆ ಮಾತು ಕೇಳಿದಾಗ ಸುಮಿತ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. ಈಗ ಕಣ್ಣಲ್ಲಿ ನೀರಿಲ್ಲ.

“ಹೌದು. ಅಳತಿ ಅವಂದು” ಎಂದ ಹಂಚಿನಾಳ ಕೊನೆಗೆ. ನಾಚಿಕೆಯ ಬದಲು ಅವನ ಮುಖದಲ್ಲಿ ಸಿಡುಕು ಇತ್ತು. “ಅವನ ಹೆಸರು ಹಾಕಿದ್ರ ಯಾರು ಓದತಿದ್ರು? ಕುರಿ ಕಾಯೂವರ ಮಗ, ಡಿಪ್ಲೊಮಾ. ನನ್ನ ಹೆಸರಿನ ಮ್ಯಾಲೆ ಅವನ ಅಂಕಿಗೋಳು ಲಂಡನ್ ಕಂಡ್ವು. ಉಪಕಾರ ಮಾಡೇನಿ.”

“ಉಪಕಾರ! ಅದಕ್ಕ ಅವ ಎದುರು ತಿರುಗಿ ನಿಂತ ಮ್ಯಾಲೆ ಕರೆಂಟ ಹಿಡಿಸಿ ಕಳಿಸಿದ್ರೇನು?”

“ಬಾಯಾರ, ಬಾಯಿ ಬಿಗಿ ಹಿಡೀರಿ!”

“ಯಾಕ ಹಿಡೀಲಿ?” ಸುಮಿತ್ರಾಬಾಯಿ ಮೂರನೆಯ ಕಾಗದ ತೆಗೆದರು. ಪೊಲೀಸರು ಬರೆದುಕೊಂಡ ಜಬಾನಿಯ, ಅಂದರೆ ಹೇಳಿಕೆಯ ನಕಲು. ಕೆಳಗೆ ಹಂಚಿನಾಳನ ಸಹಿ, ಅರ್ಧ ಪುಟದಷ್ಟು ಅಗಲ. “ಓದತೇನಿ, ಕೇಳ್ರಿ. ‘ನವೆಂಬರ್ ಹದಿನೆಂಟನೇ ತಾರೀಖು ಬೆಳಿಗ್ಗೆ ಸದರಿ ಸೋಮನಿಂಗನು ನನ್ನ ಅಪ್ಪಣೆ ಇಲ್ಲದೆ ಮುದ್ದೇಬಿಹಾಳದ ಶೆಡ್ಡಿನಿಂದ ಟ್ರಾನ್ಸ್‌ಫಾರ್ಮರನ್ನು ಎತ್ತಿನ ಚಕ್ಕಡಿಯಲ್ಲಿ ಹೇರಿಕೊಂಡು ತಂಗಡಗಿಗೆ ಹೋದನು. ಚಕ್ಕಡಿಯವನು ಹೆದರಿ ಓಡಿಹೋಗಿರುತ್ತಾನೆ.’ ಮಾಳಿಂಗಾ, ಇದು ಇವರು ಹೇಳಿದ್ದಲ್ಲ?”

“ಹೌದ್ರಿ ಬಾಯಾರ. ಸಾಹೇಬ್ರು ಹೇಳಿದಂಗ ಬರಕೊಂಡೇನಿ.”

“ಹದಿನೆಂಟು ಯಾವ ವಾರರಿ ಸಾಹೇಬ್ರ? ಸೋಮವಾರ. ಅದೂ ಕಾರ್ತೀಕದ ಮೊದಲನೇ ಸೋಮವಾರ! ಅವತ್ತ ಚಕ್ಕಡಿ ಹೂಡಿದ್ರ ಊರ ಮಂದಿ ಬಡಿಗಿ ಹಿಡಕೊಂಡು ಬರ್ತಿದ್ರು. ಸಣ್ಣಾಂವಿದ್ದಾಗ ಸಿಂದಗಿ ಬಿಟ್ಟು ಪುಣೇದಾಗ ಬೆಳದ ನಿಮಗ ಇದು ನೆನಪಿಲ್ಲ. ಚಕ್ಕಡಿಯವ ಓಡಿ ಹೋಗಿಲ್ಲ, ಚಕ್ಕಡೀನ ಇರಲಿಲ್ಲ. ಟ್ರಾನ್ಸ್‌ಫಾರ್ಮರು ತಂಗಡಗಿಗೆ ಮೋಟಾರಿನ್ಯಾಗ ಹೋಗೈತಿ. ಅದನ್ನ ಒಯ್ದಾವನ ಸೋಮನಿಂಗನ್ನ ಕೊಂದಾವ. ಇಬ್ರಾಹಿಂಸಾಬ ಸೈಕಲ್ಲಿನ ಮ್ಯಾಲೆ ತಿರುಗೂ ಮನಷ್ಯಾ. ಜೀಪು ಯಾರದು ಐತಿ?”

ಜೀಪು ಜಿನ್ನಿನ ಹಿಂದೆ ನಿಂತಿತ್ತು. ಟ್ರಸ್ಟು ಪ್ರಿನ್ಸಿಪಾಲರಿಗೆಂದು ಕೊಟ್ಟದ್ದು. ಹಂಚಿನಾಳ ಮೇಜಿನ ಅಂಚು ಹಿಡಿದುಕೊಂಡ. ಅವನ ಹಣೆಯಿಂದ ಬೆವರು ಇಳಿದು ಆ ಬಿಳಿ ಹಾಳೆಯ ಮೇಲೆ ಬಿತ್ತು.

ಸುಮಿತ್ರಾಬಾಯಿಗೆ ಇಷ್ಟು ಸುಖ ಎಷ್ಟೋ ವರ್ಷದಿಂದ ಆಗಿರಲಿಲ್ಲ. “ಮಾಳಿಂಗಾ, ಹೋಗಪಾ. ಆ ಜೀಪಿನ ಹಿಂದಿನ ಹಲಗಿ ಬಿಚ್ಚಿ ನೋಡು. ಟ್ರಾನ್ಸ್‌ಫಾರ್ಮರಿನ ಎಣ್ಣಿ ಚೆಲ್ಲಿರತೈತಿ. ಹಲಗೀಗೆ ಹೊಕ್ಕಿದ್ದು ತೊಳದ್ರೂ ಹೋಗೂದಿಲ್ಲ. ಪಂಚರನ್ನ ಕರಕೊಂಡು ಆ ಹಲಗಿ ಜಪ್ತಿ ಮಾಡು. ಆಮ್ಯಾಲೆ ಇಬ್ರಾಹಿಂಸಾಬಂದು ನೋಡೂಣು.”

“ಆತ್ರಿ ಬಾಯಾರ” ಎಂದು ಮಾಳಿಂಗಪ್ಪ ಟೊಪ್ಪಿಗೆ ತಲೆಗಿಟ್ಟುಕೊಂಡು ದಡದಡ ಮೆಟ್ಟಿಲಿಳಿದ.

ಬಾಗಿಲು ಮುಚ್ಚಿತು. ಹಂಚಿನಾಳ ಕುರ್ಚಿಯಲ್ಲಿ ಕುಸಿದು ಕೂತ. ಆಮೇಲೆ ಆತ ನಗತೊಡಗಿದ. ಸದ್ದಿಲ್ಲದ, ಹೊಟ್ಟೆಯನ್ನಷ್ಟೇ ಕುಲುಕಿಸುವ ನಗು.

“ಹುಚ್ಚು ಹಿಡೀತೇನು?” ಎಂದರು ಸುಮಿತ್ರಾಬಾಯಿ.

“ನನಗಲ್ಲ. ಯಾರನ್ನ ಕಳಿಸಿದ್ರಿ ನೀವು, ಹಲಗಿ ಬಿಚ್ಚಾಕ?”

“ಫೌಜದಾರನ್ನ.”

“ನಾ ಕಳ್ಳ. ಒಪ್ಪಿದೆ. ಆದ್ರ ಸೋಮನಿಂಗನ್ನ ನಾ ಯಾಕ ಕೊಲ್ಲಲಿ? ನೋಡ್ರಿ ಇಲ್ಲಿ.” ಹಂಚಿನಾಳ ಬೆವರು ಬಿದ್ದ ಹಾಳೆಯನ್ನು ಎತ್ತಿ ಅವರ ಮುಖದ ಮುಂದೆ ಹಿಡಿದ. “ಜನವರ್ಯಾಗ ದಿಲ್ಲಿ ಸಮ್ಮೇಳನ ಐತಿ. ಪ್ರಬಂಧ ಕೊಡಬೇಕು. ಹತ್ತು ದಿನದಿಂದ ಕುಂತೇನಿ, ಒಂದು ಸಾಲು ಹುಟ್ಟವಲ್ದು. ನಲವತ್ತೆರಡೂ ಅವ ಬರದದ್ದು. ಅವನಿಲ್ಲದ ನಾ ಏನು? ಅವ ನೂರು ವರ್ಷ ಬಾಳಲಿ ಅಂತ ಬೇಡಿಕೊಂಡಾವ ನಾನು.”

ಇಂಥ ಹೇಸಿಗೆಯ ಮಾತನ್ನು ಸುಮಿತ್ರಾಬಾಯಿ ಜೀವಮಾನದಲ್ಲಿ ಕೇಳಿರಲಿಲ್ಲ. ಆದರೆ ಗಣಿತ ಹೇಳಿದ ತಲೆ ಅದು. ಲೆಕ್ಕ ಸರಿಯಿದೆ ಎಂದು ಕೂಡಲೇ ಹೊಳೆಯಿತು.

“ಸೋಮನಿಂಗ ನನ್ನ ಮ್ಯಾಲೆ ಅರ್ಜಿ ಬರದಿದ್ದ” ಎಂದ ಹಂಚಿನಾಳ. “ಯುನಿವರ್ಸಿಟಿಗೆ ಕಳಸೂಕಿಂತ ಮೊದಲ ಹಳೇ ಗೆಳ್ಯಾಗ ತೋರಿಸಿದ. ಫೌಜದಾರಗ. ಅರ್ಜೀನೂ ನೋಟುಬುಕ್ಕೂ ಅವರ ಕಡೇನ ಅದಾವ. ಹದಿನೇಳನೇ ತಾರೀಖು ಸಂಜಿಕ ಇಲ್ಲಿಗೆ ಬಂದ್ರು. ‘ಜೀಪಿನ ಕೀಲಿ ಕೊಡ್ರಿ, ಯಾಕಂತ ಕೇಳಬ್ಯಾಡ್ರಿ, ಅರ್ಜಿ ಹೊರಗ ಬರೂದಿಲ್ಲ’ ಅಂದ್ರು. ಕೊಟ್ಟೆ. ಮರುದಿನ ಅವ ಸತ್ತ ಸುದ್ದಿ ಬಂತು. ಜಬಾನಿ ಅವರ ಬರಕೊಂಡು ಬಂದಿದ್ರು. ನಾ ಓದಲಾರದ ಸಹಿ ಹಾಕಿದೆ.”

“ಸುಳ್ಳ! ಮಾಳಿಂಗ ಸೋಮನಿಂಗನ್ನ ಯಾಕ ಕೊಲ್ಲತಾನ?”

“ನನಗ ಗೊತ್ತಿಲ್ಲ. ಕೇಳೂ ಧೈರ್ಯ ನನಗಿಲ್ಲ. ನಾ ಎಂಥಾವ ಅಂತ ಈಗಷ್ಟ ನೀವ ಹೇಳಿದ್ರಲ್ಲ.”

ಸುಮಿತ್ರಾಬಾಯಿ ಜಬಾನಿಯ ಕಾಗದವನ್ನು ಮತ್ತೆ ಹಿಡಿದರು. ಬಲಕ್ಕೆ ವಾಲಿದ, ತಲೆಕಟ್ಟು ಉದ್ದ ಎಳೆದ ಅಕ್ಷರ. ನಾಲ್ಕು ವರ್ಷ ಕೆಂಪು ಶಾಯಿಯಿಂದ ತಾವೇ ತಿದ್ದಿದ ಮಾಳಿಂಗನ ಅಕ್ಷರ. ಗೊಳಸಂಗಿಯ ಮಗ್ಗುಲಲ್ಲೇ ಹುಟ್ಟಿ ಬೆಳೆದ ಹುಡುಗ ಸೋಮವಾರ ಚಕ್ಕಡಿ ಹೂಡಿದರೆಂದು ಬರೆದಿದ್ದ. ಅವಸರ ಎಷ್ಟಿರಬೇಕು! ನಿನ್ನೆಯಿಂದ ನಾಲ್ಕು ಸಲ ಓದಿದ್ದರು. ನಾಲ್ಕು ಸಲವೂ ಕೆಳಗಿನ ಸಹಿಯನ್ನು ನೋಡಿ ಹಲ್ಲು ಕಡಿದಿದ್ದೇ ಬಂತು. ಈ ಡೌಲಿನ ಮನುಷ್ಯನನ್ನು ತುಚ್ಛ ಮಾಡುವ ಭರದಲ್ಲಿ, ಬೆನ್ನ ಹಿಂದೆ ಟೊಪ್ಪಿಗೆ ತಿರುವುತ್ತ ನಿಂತವನನ್ನು ಅವರು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಕೆಳಗೆ ಮೋಟಾರು ಗುರ್ರೆಂದಿತು.

ಸುಮಿತ್ರಾಬಾಯಿ ಕಿಟಕಿಗೆ ಓಡಿದರು. ಜೀಪಲ್ಲ, ಪೊಲೀಸ್ ವ್ಯಾನು. ಇಬ್ಬರು ಪೇದೆಗಳು ಬೇವಿನ ಕೆಳಗೆ ಬೀಡಿ ಹಚ್ಚಿಕೊಂಡು ನಿಂತೇ ಇದ್ದರು. ವ್ಯಾನನ್ನು ಮಾಳಿಂಗಪ್ಪ ತಾನೇ ನಡೆಸುತ್ತಿದ್ದ. ಅದು ಬಿಜಾಪುರದ ರಸ್ತೆಗೆ ತಿರುಗಲಿಲ್ಲ. ಚಕ್ಕಡಿಗಳನ್ನು ಬದಿಗೊತ್ತಿ ಮುದ್ದೇಬಿಹಾಳದ ಕಡೆ, ತಂಗಡಗಿಯ ಹಾದಿ ಹಿಡಿದು ಹೊರಟಿತು.

“ಬಿಬಿಜಾನ! ಅದನ್ನ ನಿಂದರಸು! ಬಿಡಬ್ಯಾಡ!” ಎಂದು ಅವರು ಚೀರಿದರು.

ಬಿಬಿಜಾನ ತಲೆ ಎತ್ತಿದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಚಾಚಿದಳು.

“ಅಲ್ಲಾ ನಿಮಗ ನೂರು ವರ್ಷ ಆಯುಷ್ಯ ಕೊಡಲಿ ಬಾಯಾರ! ನೀವು ಹೇಳೀರಂತ ಫೌಜದಾರ್ರು ಬಿಟ್ಟ ಬಿಟ್ರು! ಹೊಳೀ ದಂಡಿಗೆ ಹೋಗಿ ಆ ಜಾಗಾ ಒಮ್ಮೆ ತೋರಿಸಿ, ಅಲ್ಲಿಂದ ಹಂಗ ಮನೀಗೆ ಹೋಗಂತ ಹೇಳ್ಯಾರ. ನನ್ನ ಕಣ್ಣ ಮುಂದನ ಕೈಯಾಗಿನ ಬೇಡಿ ಬಿಚ್ಚಿದ್ರು!”